ಡೆಸಿಮೇಟ್: ಹತ್ತರಲ್ಲಿ ಒಂದೋ, ಎಲ್ಲವೂ ನಾಶವೋ?

ಪ್ರಶ್ನೆ: ‘ಡೆಸಿಮೇಟ್’ ಎಂದರೆ ಹತ್ತರಲ್ಲಿ ಒಂದು ಪಾಲು ನಾಶ ಮಾಡುವುದು ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಇಂಗ್ಲಿಷ್ ಪತ್ರಿಕೆ ತೆಗೆದರೆ, ಸೈನಿಕ ಹುಳು ಇಡೀ ಮೆಕ್ಕೆಜೋಳದ ಬೆಳೆ ತಿಂದು ಹಾಕಿದಾಗಲೂ ಅದೇ ಪದ. ಯಾವುದು ಸರಿ?
– ಓದುಗರೊಬ್ಬರು, ಹಾವೇರಿ

ಉತ್ತರ: ಮೇಷ್ಟ್ರು ಹೇಳಿದ್ದು ಪದದ ಹುಟ್ಟು, ಪತ್ರಿಕೆಯದು ಇಂದಿನ ಬಳಕೆ. ಇಬ್ಬರಿಗೂ ಜಗಳ ಹಚ್ಚಬೇಕಿಲ್ಲ.

ಹುಟ್ಟು ಮಾತ್ರ ಘೋರವಾದದ್ದು. ಲ್ಯಾಟಿನ್ನಿನ ‘ಡೆಕೆಮ್’ ಎಂದರೆ ಹತ್ತು, ಸಂಸ್ಕೃತದ ‘ದಶ’ಕ್ಕೆ ದಾಯಾದಿ. ರೋಮನ್ ತುಕಡಿಯೊಂದು ಶತ್ರುವಿಗೆ ಬೆನ್ನು ತೋರಿಸಿ ಓಡಿತು ಎನ್ನಿ. ಎಲ್ಲರನ್ನೂ ಕೊಂದರೆ ಸೈನ್ಯವೇ ಬರಿದು; ಬಿಟ್ಟರೆ ಶಿಸ್ತು ಮಣ್ಣುಪಾಲು. ಅದಕ್ಕೆ ಚೀಟಿ ಎತ್ತುತ್ತಿದ್ದರು. ಹತ್ತರಲ್ಲಿ ಯಾರ ಹೆಸರಿಗೆ ಬಂತೋ ಅವನನ್ನು ದೊಣ್ಣೆಯಿಂದ ಬಡಿದು ಕೊಲ್ಲುವುದು. ಮೊದಲು ಓಡಿದವನು ಯಾರು, ಕೊನೆಯವರೆಗೆ ನಿಂತವನು ಯಾರು ಎಂದು ಕೇಳುವವರಿಲ್ಲ. ಉಳಿದ ಒಂಬತ್ತು ಮಂದಿಗೆ ಗೋಧಿಯ ಬದಲು ಜವೆಗೋಧಿ. ಬಿಡಾರವೂ ಪಾಳೆಯದ ಕಟ್ಟೆಯಾಚೆ. ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಬದುಕಿ ಉಳಿದವನಿಗೆ ಪ್ರತಿ ಊಟದಲ್ಲೂ ಅವಮಾನ ಬಡಿಸುವ ಈ ಏರ್ಪಾಟು ಯೋಚಿಸಿದವನ ತಲೆ ಎಂಥದಿರಬೇಕು!

ಕಾಲಕ್ರಮದಲ್ಲಿ ಈ ಶಿಕ್ಷೆ ರೂಢಿ ತಪ್ಪಿತ್ತು. ಕ್ರಿ.ಪೂ. 73–71ರಲ್ಲಿ ಸ್ಪಾರ್ಟಕಸ್ ನೇತೃತ್ವದಲ್ಲಿ ಗುಲಾಮರು ದಂಗೆ ಎದ್ದಾಗ ಸೇನಾಪತಿ ಕ್ರಾಸಸ್ ಅದನ್ನು ಮತ್ತೆ ಹೊರತೆಗೆದ. ಆಯುಧ ಬಿಸುಟು ಓಡಿದ ತನ್ನದೇ ಸೈನಿಕರಲ್ಲಿ 500 ಜನರನ್ನು ಹತ್ತು ಹತ್ತರಂತೆ 50 ಗುಂಪು ಮಾಡಿ, ಗುಂಪಿಗೊಬ್ಬನನ್ನು ಎಲ್ಲರೆದುರು ಕೊಲ್ಲಿಸಿದ ಎನ್ನುತ್ತಾನೆ ಗ್ರೀಕ್ ಜೀವನಚರಿತ್ರೆಕಾರ ಪ್ಲುಟಾರ್ಕ್.

ಇಂಗ್ಲಿಷಿನಲ್ಲಿ ಈ ಪದಕ್ಕೆ ತೆರಿಗೆಯ ಅರ್ಥವೂ ಇತ್ತು. 1655ರಲ್ಲಿ, ರಾಜನಿಲ್ಲದ ಇಂಗ್ಲೆಂಡನ್ನು ಆಳುತ್ತಿದ್ದ ಕ್ರಾಮ್‌ವೆಲ್‌ನ ಸರ್ಕಾರ ರಾಜನ ಪಕ್ಷದವರ ಮೇಲೆ ಹೇರಿದ ಹತ್ತನೇ ಒಂದು ಪಾಲಿನ ತೆರಿಗೆಗೆ ‘ಡೆಸಿಮೇಷನ್’ ಎಂದೇ ಹೆಸರು.

ಆಮೇಲೆ ಲೆಕ್ಕ ಸವೆದುಹೋಗಿ ಭೀಕರತೆ ಮಾತ್ರ ಉಳಿಯಿತು. ಇವತ್ತು ‘ಡೆಸಿಮೇಟ್’ ಎಂದರೆ ದೊಡ್ಡ ಪಾಲನ್ನು ನಾಶ ಮಾಡುವುದು. ಹತ್ತನೇ ಒಂದಕ್ಕೇ ಜೋತುಬಿದ್ದು ತಪ್ಪು ಹುಡುಕುವವರ ಪಂಗಡ ನನ್ನದಲ್ಲ. ಡಿಸೆಂಬರ್ ಎಂದರೂ ಹತ್ತನೆಯ ತಿಂಗಳೇ, ಅದನ್ನು ಹನ್ನೆರಡನೆಯದಾಗಿ ಒಪ್ಪಿಕೊಂಡಿಲ್ಲವೇ? ಆದರೆ ‘ಟೋಟಲಿ ಡೆಸಿಮೇಟೆಡ್’ ಎಂದು ಬರೆದರೆ ನನಗೂ ಕಸಿವಿಸಿ. ಈ ಪದದಲ್ಲಿ ಏನೋ ಒಂದಿಷ್ಟು ಉಳಿದಿರಲೇಬೇಕು. ಹಾಗಾಗಿ ಅನುವಾದಿಸುವಾಗ ‘ನಿರ್ನಾಮ’ ಬೇಡ, ‘ಹುಳು ಬೆಳೆಯ ಬಹುಪಾಲನ್ನು ಹಾಳು ಮಾಡಿತು’ ಎನ್ನಿ. ಒಂದು ತೆನೆಯೂ ಕೈಗೆ ಹತ್ತದಿದ್ದರೆ ‘ಅನೈಹಿಲೇಟ್’ ಇದೆ. ಅದರ ಒಳಗಿರುವ ಲ್ಯಾಟಿನ್ ‘ನಿಹಿಲ್’ ಎಂದರೆ ಏನೂ ಇಲ್ಲ.