ಮನುಷ್ಯ ಮತ್ತು ಮಂಗದ ರೆಪ್ಪೆಯ ದುಗ್ಧನಾಳಗಳನ್ನು (ಲಿಂಫ್ ನಾಳಗಳನ್ನು) ಸಾಮಾನ್ಯ ಸ್ಲೈಡ್‌ಗಳಲ್ಲೇ ಹೋಲಿಸಬಹುದೇ?

ಹೋಲಿಸಬಾರದು. ನನ್ನ ಎಂ.ಡಿ. ಪ್ರಬಂಧದ ವಿಷಯವೂ ಇದೇ ಆಗಿತ್ತು. ಹೆಮಟಾಕ್ಸಿಲಿನ್-ಇಯೋಸಿನ್ ಎಂಬ ಮಾಮೂಲಿ ಬಣ್ಣ ಹಾಕಿದ ಸ್ಲೈಡ್‌ಗಳೇ ಸಾಕೆಂದು ನಿಮ್ಮಂತೆ ನಾನೂ ನಂಬಿದ್ದೆ. ಗೋಡೆ ತೆಳುವಾಗಿದ್ದು ಒಳಗೆ ಕೆಂಪು ರಕ್ತಕಣಗಳಿಲ್ಲದ ನಾಳವೆಲ್ಲ ದುಗ್ಧನಾಳ ಎಂಬುದು ನನ್ನ ಲೆಕ್ಕ. ರೆಪ್ಪೆಗೆ ಬಿಗಿ ಕೊಡುವ ಟಾರ್ಸಲ್ ಫಲಕದ ಮುಂದಿನ ಜಾಲವನ್ನೂ ಹಿಂದೆ ರೆಪ್ಪೆಯ ಒಳಮೈಯ ತೆಳುಪೊರೆಯಾದ ಕಂಜಂಕ್ಟೈವಾದ ಅಡಿಯಲ್ಲಿರುವ ಜಾಲವನ್ನೂ ಏಳು ತಿಂಗಳು ಎಣಿಸಿದೆ. ಮಕಾಕ್ ಮಂಗದ ರೆಪ್ಪೆಯಲ್ಲಿ ನಾಳಗಳು ಮನುಷ್ಯನದಕ್ಕಿಂತ ಬಹಳ ಹೆಚ್ಚೆಂದು ಕಂಡಾಗ ಹಿಗ್ಗಿದ್ದೂ ಉಂಟು.

ಆ ಮಂಗಗಳ ಅಂಗಾಂಶ ಬೇರೊಂದು ಪ್ರಯೋಗದಿಂದ ಉಳಿದದ್ದಾಗಿತ್ತು. ಅವುಗಳಿಗೆ ಹೃದಯದ ಮೂಲಕ ಮೊದಲು ಲವಣದ್ರಾವಣವನ್ನು, ಬಳಿಕ ಫಾರ್ಮಲಿನ್ ಅನ್ನು ಹರಿಸಿದ್ದರಿಂದ ರಕ್ತನಾಳಗಳೂ ತೊಳೆದು ಬರಿದಾಗಿದ್ದವು. ಮನುಷ್ಯರ ರೆಪ್ಪೆಗಳನ್ನಾದರೋ ಮರಣಾನಂತರ ತೆಗೆದು ನೇರವಾಗಿ ಫಾರ್ಮಲಿನ್‌ನಲ್ಲಿ ಮುಳುಗಿಸಲಾಗಿತ್ತು; ಅವುಗಳಲ್ಲಿ ರಕ್ತ ಹಾಗೆಯೇ ಉಳಿದಿತ್ತು. ಒಂದು ಕಡೆ ತೊಳೆದ ಲೋಮನಾಳಗಳನ್ನೂ ಸೇರಿಸಿ ಎಣಿಸಿದ್ದೆ, ಇನ್ನೊಂದು ಕಡೆ ಅವನ್ನು ಬಿಟ್ಟಿದ್ದೆ. ಬ್ಲಾಕ್‌ಗಳೊಂದಿಗೆ ಬಂದ ಚೀಟಿಯಲ್ಲಿ ‘ಪರ್ಫ್ಯೂಸ್ಡ್’ (ನಾಳಗಳ ಮೂಲಕ ದ್ರವ ಹರಿಸಿದ್ದು) ಎಂದು ಬರೆದೇ ಇತ್ತು. ನಾನು ಅದನ್ನು ಓದಿಯೂ ಇದ್ದೆ. ಗೊಡವೆಗೆ ಹೋಗಿರಲಿಲ್ಲ, ಅಷ್ಟೆ.

ಹಾಗಾಗಿ ನಾಳಗಳನ್ನು ಪ್ರತಿಕಾಯಗಳ ಬಣ್ಣದಿಂದಲೇ ಗುರುತಿಸಬೇಕು. ನಾಳದ ಒಳಪದರದ ಗುರುತಾದ ಸಿಡಿ31ರ ಬಣ್ಣ ರಕ್ತನಾಳಕ್ಕೂ ದುಗ್ಧನಾಳಕ್ಕೂ ಹತ್ತುತ್ತದೆ. ನಾಳಗಳ ಪೈಕಿ ಪೊಡೊಪ್ಲಾನಿನ್ ಎಂಬ ಪ್ರೋಟೀನ್ ಇರುವುದು ದುಗ್ಧನಾಳದ ಒಳಪದರದಲ್ಲಿ. ಆದ್ದರಿಂದ ಒಂದೇ ಸೀಳಿನ ಮೇಲೆ ಎರಡರ ಬಣ್ಣವನ್ನೂ ಹಾಕಿ. ದುಗ್ಧನಾಳದ ಇನ್ನೊಂದು ಗುರುತಾದ ಲೈವ್-1 ಒಂದನ್ನೇ ನೆಚ್ಚಬೇಡಿ, ಅದು ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳಲ್ಲೂ ಕಾಣಿಸುತ್ತದೆ. ಪೊಡೊಪ್ಲಾನಿನ್‌ಗೆ ಬಳಸುವ ಡಿ2-40 ಎಂಬ ಪ್ರತಿಕಾಯ ಕೂಡ ಮೇದೋಗ್ರಂಥಿಗಳ (ಎಣ್ಣೆ ಸ್ರವಿಸುವ ಗ್ರಂಥಿಗಳ) ಹೊರಅಂಚಿನ ಕೋಶಗಳನ್ನು ಕಂದಾಗಿಸುವುದರಿಂದ, ರೆಪ್ಪೆಯ ಮೇದೋಗ್ರಂಥಿಯಾದ ಮೈಬೋಮಿಯನ್ ಗ್ರಂಥಿಯ ಅಂಚಿನಲ್ಲಿ ಕಂಡದ್ದನ್ನೆಲ್ಲ ಎಣಿಸದೆ, ನಡುವೆ ಪೊಳ್ಳಿರುವ ಉಂಗುರಗಳನ್ನಷ್ಟೇ ಗುರುತಿಸಿ. ಡಿ2-40 ಮನುಷ್ಯನ ಪ್ರೋಟೀನಿಗೆಂದು ತಯಾರಾದ ಪ್ರತಿಕಾಯ. ಮೊದಲು ಮಂಗದ ದುಗ್ಧಗ್ರಂಥಿಯ ಮೇಲೆ ಪರೀಕ್ಷಿಸಿ ನೋಡಿ.

ಇನ್ನು, ರೆಪ್ಪೆಯ ಕಿವಿಯ ಕಡೆಯ ಭಾಗದ ದ್ರವ ಕಿವಿಯ ಮುಂದಿನ ದುಗ್ಧಗ್ರಂಥಿಗಳಿಗೂ ಮೂಗಿನ ಕಡೆಯದು ದವಡೆಯಡಿಯ ಗ್ರಂಥಿಗಳಿಗೂ ಹೋಗುತ್ತದೆಂಬ ಪಠ್ಯಪುಸ್ತಕದ ಮಾತನ್ನು ಇದೇ ಸ್ಲೈಡ್‌ಗಳಲ್ಲಿ ಸಾಬೀತುಪಡಿಸುವ ಆಸೆಯನ್ನು ಬಿಟ್ಟುಬಿಡಿ. ಸೀಳಿನಲ್ಲಿ ನಾಳ ಕಾಣುತ್ತದೆ, ಹರಿವು ಕಾಣುವುದಿಲ್ಲ. 2002ರಲ್ಲಿ ಸೈನೊಮೊಲ್ಗಸ್ ಮಂಗಗಳ ರೆಪ್ಪೆಗೆ ವಿಕಿರಣಶೀಲ ಟೆಕ್ನೀಷಿಯಂ ಚುಚ್ಚಿ ನೋಡಿದಾಗ, ಮೇಲಿನ ರೆಪ್ಪೆಯ ಮೂಗಿನ ಕಡೆಯ ಭಾಗವೂ ಪೆರೋಟಿಡ್ (ಕಿವಿಯ ಮುಂದಿನ) ದುಗ್ಧಗ್ರಂಥಿಗಳತ್ತಲೇ ಹರಿದಿತ್ತು. ಅದು ಜೀವಂತ ಪ್ರಾಣಿಯಲ್ಲಿ ಮಾತ್ರ ಕೇಳಬಹುದಾದ ಪ್ರಶ್ನೆ. ನಿಮ್ಮ ಪ್ರಬಂಧದಲ್ಲಿ ನಾಳಗಳ ಸಾಂದ್ರತೆ ಮತ್ತು ಸ್ಥಾನ, ಇವೆರಡೇ ಇರಲಿ. ನಿಮ್ಮ ಮಂಗದ ಬ್ಲಾಕ್‌ಗಳ ಚೀಟಿಯಲ್ಲಿ ಏನು ಬರೆದಿದೆ ಎಂಬುದನ್ನು ಇವತ್ತೇ ನೋಡಿ.