ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಟ್ರೋಫಿಯನ್ನು ಗೋಲ್ಡನ್ ಸ್ಟೇಟ್ ವಾರಿಯರ್ಸ್ 2015ರಲ್ಲಿ ಗೆದ್ದದ್ದು ಹಳೇ ಕೋಚ್ ಮಾರ್ಕ್ ಜಾಕ್ಸನ್ ಕಟ್ಟಿದ ತಂಡದಿಂದಲೋ, ಅವರ ನಂತರ ಬಂದ ಕೋಚ್ ಸ್ಟೀವ್ ಕೆರ್‌ನಿಂದಲೋ?

ಕಂಠೀರವ ಪಕ್ಕದ ಕೋರ್ಟ್‌ನಲ್ಲೂ ಈ ಜಗಳ ಕೇಳಿದ್ದೇನೆ. "ಒಬ್ಬ ಬಿತ್ತಿದ, ಇನ್ನೊಬ್ಬ ಕೊಯ್ದ" ಅನ್ನೋದು ಜಾಕ್ಸನ್ ಕಡೆಯವರ ಮಾತು. ಅದು ಅರ್ಧ ಸತ್ಯ.

2011ರಲ್ಲಿ ಜಾಕ್ಸನ್ ಬಂದಾಗ ತಂಡಕ್ಕೆ ಡಿಫೆನ್ಸ್ ಅಂದರೆ ಅಷ್ಟಕ್ಕಷ್ಟೇ. 2013-14ರ ಹೊತ್ತಿಗೆ ಅದೇ ಅವರ ಬಲವಾಗಿತ್ತು. 51 ಪಂದ್ಯ ಗೆದ್ದರು. ಆದರೂ ಕೆಲಸದಿಂದ ತೆಗೆದರು.

ಮುಂದಿನ ವರ್ಷ ಬಹುತೇಕ ಅದೇ ಆಟಗಾರರು, 67 ಗೆಲುವು, 1975ರ ನಂತರದ ಮೊದಲ ಟ್ರೋಫಿ. ಕೆರ್ ಬದಲಿಸಿದ್ದು ಅಟ್ಯಾಕ್. ಜಾಕ್ಸನ್ ಕಾಲದಲ್ಲಿ ಒಬ್ಬನೇ ಚೆಂಡು ಹಿಡಿದು ಎದುರಾಳಿಯ ಮೇಲೆ ನುಗ್ಗುವುದು ಜಾಸ್ತಿ, ಪಾಸ್ ಕಮ್ಮಿ. ಕೆರ್ ಚೆಂಡನ್ನು ಓಡಾಡಿಸಿದರು. ತಂಡದ ಸ್ಟಾರ್ ಸ್ಟೀಫನ್ ಕರಿ ಪಾಸ್ ಕೊಟ್ಟು ಸುಮ್ನೆ ನಿಲ್ಲದೆ ಮತ್ತೆ ಓಡತೊಡಗಿದ. ಆಂಡ್ರೆ ಇಗುಡಾಲನಂಥ ಸ್ಟಾರ್‌ನನ್ನು ಮೊದಲ ಐವರಲ್ಲಿ ಇಳಿಯದೆ ಬೆಂಚಿನಲ್ಲಿ ಕೂರಲು ಒಪ್ಪಿಸಿದ್ದು ಸಣ್ಣ ಕೆಲಸವಲ್ಲ. ಫೈನಲ್ ಸರಣಿಯಲ್ಲಿ 1-2 ಪಂದ್ಯಗಳಿಂದ ಹಿಂದಿದ್ದಾಗ ಅವನನ್ನೇ ಮತ್ತೆ ಮೊದಲ ಐವರಲ್ಲಿ ಇಳಿಸಿದರು. ಫೈನಲ್ಸ್ ಎಂವಿಪಿ, ಅಂದರೆ ಫೈನಲ್‌ನ ಅತ್ಯುತ್ತಮ ಆಟಗಾರ, ಅವನೇ ಆದ.

ಅದೃಷ್ಟವೂ ಇತ್ತು, ಅಲ್ವಾ? ಮೊದಲ ಐವರಲ್ಲಿ ಆಡುತ್ತಿದ್ದ ಡೇವಿಡ್ ಲೀ ಗಾಯಗೊಂಡಿದ್ದರಿಂದಲೇ ಡ್ರೇಮಂಡ್ ಗ್ರೀನ್‌ಗೆ ಆ ಜಾಗ ಸಿಕ್ಕಿದ್ದು. ಕರಿಯನ್ನು 2009ರಲ್ಲಿ ತಂಡಕ್ಕೆ ಆರಿಸಿದಾಗಲಂತೂ ಜಾಕ್ಸನ್, ಕೆರ್ ಇಬ್ಬರೂ ಅಲ್ಲಿರಲಿಲ್ಲ.

ಡಿಫೆನ್ಸ್‌ನ ಶ್ರೇಯ ಜಾಕ್ಸನ್‌ಗೆ, ಟ್ರೋಫಿಯದು ಕೆರ್‌ಗೆ. ನನ್ನ ಓಟು ಕೆರ್ ಕಡೆಗೇ ಸ್ವಲ್ಪ ಜಾಸ್ತಿ.