ಕೂಗಲಿಲ್ಲ, ಗಾಯವಿಲ್ಲ ಅಂದರೆ ಅತ್ಯಾಚಾರ ಅಲ್ಲವೇ?

ನಿಮ್ಮ ತಂಗಿ ಕೂಗಿಕೊಳ್ಳಲಿಲ್ಲ, ಮೈಮೇಲೆ ಗೀರೂ ಇಲ್ಲ, ಬಲಪ್ರಯೋಗ ತೋರಿಸದೆ ಕೇಸು ನಿಲ್ಲಲ್ಲ ಅಂತ ವಕೀಲರು ಹೇಳಿದರು, ಕಾನೂನು ಹೀಗೇ ಇರಬೇಕಾ ಅಂತ ಕೇಳಿದ್ದೀರಿ. ಅದೇ ಮಾತನ್ನು ನಂಬಿ ಒಂದು ಕೇಸು ಕೆಡಿಸಿದವನು ನಾನು.

2015ರಲ್ಲಿ, ಜಿಲ್ಲಾ ಕೋರ್ಟಿನಲ್ಲಿ ಪ್ರಾಕ್ಟೀಸು ಶುರುಮಾಡಿ ಮೂರು ವರ್ಷ ಆಗಿತ್ತು. ದೂರು ಬರೆಸಲು ಬಂದ ಹೆಣ್ಣುಮಗಳು ಹೇಳಿದ್ದು ಇಷ್ಟೇ: "ಬೇಡ ಅಂದೆ ಸಾರ್. ಆಮೇಲೆ ಕೈಕಾಲೇ ಆಡಲಿಲ್ಲ." ನಾನು ಬರೆದದ್ದು: "ನಾನು ಜೋರಾಗಿ ಕಿರುಚಿ, ಕೈಕಾಲು ಬಡಿದು ವಿರೋಧಿಸಿದರೂ ಸದರಿಯವನು ನನ್ನನ್ನು ಹೊಡೆದು ನೆಲಕ್ಕೆ ಕೆಡವಿ..." ಓದಿದವರು ನೀವು, ಸರಿಯೇ ಇರುತ್ತೆ ಅಂತ ಸಹಿ ಹಾಕಿದಳು.

ಮಾರನೇ ದಿನ ವೈದ್ಯರು ಬರೆದರು: ಹೊರಗಾಯ ಕಂಡುಬಂದಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಅವಳು ನಿಜ ಹೇಳಿದಳು, ಸುಮ್ಮನೆ ಬಿದ್ದಿದ್ದೆ ಅಂತ. ಪಾಟಿ ಸವಾಲಿನ ದಿನ ಎದುರು ವಕೀಲರು ನಿ.ಪಿ.1 ಅನ್ನು, ಅಂದರೆ ನಾನು ಬರೆದುಕೊಟ್ಟ ಆ ದೂರನ್ನು, ಅವಳ ಕೈಗಿಟ್ಟರು. ಸಹಿ ನಿಮ್ಮದೇ ತಾನೆ? ಕಿರುಚಿದೆ ಅಂತ ಇದೆ, ಪಕ್ಕದ ಮನೆಯವರಿಗೆ ಯಾಕೆ ಕೇಳಿಸಲಿಲ್ಲ? ಹೊಡೆದ ಅಂತ ಇದೆ, ಗಾಯ ಎಲ್ಲಿ? ಸಂಶಯದ ಲಾಭ ಕೊಟ್ಟು ಖುಲಾಸೆ ಮಾಡಿದರು.

ತಪ್ಪು ಎಲ್ಲಿ ಆಯ್ತು ಅಂತ ಬಿಡಿಸಿ ಹೇಳ್ತೀನಿ. ಗಾಯ ಇಲ್ಲ ಅನ್ನೋದು ತಾನಾಗಿ ಏನನ್ನೂ ಸಾಬೀತು ಮಾಡಲ್ಲ. "ಹೊಡೆದ" ಅಂತ ನಾನು ಬರೆದ ಕೂಡಲೇ ವೈದ್ಯರ ಅದೇ ಸಾಲು ಅವಳ ಸುಳ್ಳಿಗೆ ಸಾಕ್ಷಿ ಆಯ್ತು. ಅವಳು ಹೇಳಿದ ಹಾಗೇ ಬರೆದಿದ್ದರೆ ದೂರು, ವೈದ್ಯರ ವರದಿ, ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ ಮೂರೂ ಒಂದೇ ಮಾತು ಆಡುತ್ತಿದ್ದವು. ಕಾನೂನು ಕೇಳದೇ ಇದ್ದದ್ದನ್ನು ನಾನು ಸೇರಿಸಿದೆ, ಸೇರಿಸಿದ್ದೇ ಮುಳುಗಿಸಿತು.

ಹೌದು, ಕಾನೂನು ಅದನ್ನು ಕೇಳುವುದೇ ಇಲ್ಲ. ಹಾಗಾಗಿ "ಇರಬೇಕಾ" ಅನ್ನೋ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ. 1860ರ ದಂಡ ಸಂಹಿತೆಯ 375ನೇ ಕಲಮು ಕೂಡ "ಇಚ್ಛೆಗೆ ವಿರುದ್ಧವಾಗಿ", "ಸಮ್ಮತಿ ಇಲ್ಲದೆ" ಅಂತಲೇ ಶುರುವಾಗುತ್ತಿತ್ತು. ಬಲದ ಪುರಾವೆ ಬೇಕು ಅನ್ನೋದನ್ನು ಒಳಗೆ ತಂದದ್ದು ಕೋರ್ಟುಗಳು. ಮಹಾರಾಷ್ಟ್ರದ ಮಥುರಾ ಅನ್ನೋ ಹುಡುಗಿಯ ಪ್ರಕರಣ ನೋಡಿ. 1972ರಲ್ಲಿ ಪೊಲೀಸ್ ಠಾಣೆಯೊಳಗೇ ನಡೆದದ್ದು. ಗಾಯದ ಗುರುತಿಲ್ಲ, ಆದ್ದರಿಂದ ಪ್ರತಿರೋಧದ ಮಾತು ಸುಳ್ಳು ಅಂತ 1978ರಲ್ಲಿ ಸುಪ್ರೀಂ ಕೋರ್ಟ್ ಇಬ್ಬರು ಪೊಲೀಸರನ್ನು ಬಿಟ್ಟಿತು. ನಾಲ್ವರು ಕಾನೂನು ಅಧ್ಯಾಪಕರು ಬಹಿರಂಗ ಪತ್ರ ಬರೆದರು, ಗಲಾಟೆಯಾಯ್ತು, 1983ರಲ್ಲಿ ತಿದ್ದುಪಡಿ ಬಂತು. 2013ರಲ್ಲಿ ಇನ್ನೂ ಸ್ಪಷ್ಟವಾಗಿ ಬರೆದರು: ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಸಮ್ಮತಿ ಇತ್ತು ಎಂದು ಭಾವಿಸುವಂತಿಲ್ಲ. ಈಗ ಅದು ಹಳೇ ದಂಡ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲಿದೆ. ನಿಮ್ಮ ವಕೀಲರಿಗೆ ಆ ಪುಟ ತೆಗೆದು ತೋರಿಸಿ. (ಹೆಂಡತಿ ವಿಷಯದಲ್ಲಿ ಮಾತ್ರ ಅದೇ ಕಲಮು ಇವತ್ತಿಗೂ ವಿನಾಯಿತಿ ಕೊಟ್ಟು ಕೂತಿದೆ. ಅದು ಬೇರೆ ನಾಚಿಕೆ.)

ಸುಳ್ಳು ಕೇಸು ಹೆಚ್ಚಾಗಲ್ವಾ ಅನ್ನೋರಿಗೆ: ಸಮ್ಮತಿ ಇರಲಿಲ್ಲ ಅಂತ ಸಾಬೀತು ಮಾಡುವ ಹೊಣೆ ಸಾಮಾನ್ಯವಾಗಿ ಈಗಲೂ ಪ್ರಾಸಿಕ್ಯೂಷನ್ ಮೇಲೇ ಇದೆ. ಅವಳ ಮಾತನ್ನೇ ಕೋರ್ಟು ನಂಬಬೇಕು ಅನ್ನೋದು ಠಾಣೆ, ಜೈಲು, ಅಧಿಕಾರದ ಸ್ಥಾನದಂಥ ಕೆಲವು ಪ್ರಕರಣಗಳಿಗಷ್ಟೇ, ಅದೂ ಸಂಭೋಗ ನಡೆದದ್ದು ಸಾಬೀತಾದ ಮೇಲೆ.

ಕೈಕಾಲು ಆಡದೇ ಹೋಗೋದು ನೆಪ ಅಲ್ಲ. ಸ್ಟಾಕ್‌ಹೋಮಿನ ಒಂದು ತುರ್ತು ಚಿಕಿತ್ಸಾಲಯಕ್ಕೆ ಅತ್ಯಾಚಾರದ ನಂತರ ಬಂದ 298 ಹೆಂಗಸರಲ್ಲಿ ಸುಮಾರು 70% ಜನ ಆ ಹೊತ್ತಲ್ಲಿ ಮೈ ಮರಗಟ್ಟಿತ್ತು ಅಂತ ಹೇಳಿದ್ದರು. 2017ರಲ್ಲಿ ಪ್ರಕಟವಾದ ಅಧ್ಯಯನ ಅದು.

ಈಗ ಕೆಲಸದ ಮಾತು. ನಾಲ್ಕು ದಿನ, ಅಂದರೆ 96 ಗಂಟೆ ದಾಟಿಲ್ಲದಿದ್ದರೆ ಮೊದಲು ಆಸ್ಪತ್ರೆ. ಎಫ್‌ಐಆರ್ ಆಗಿಲ್ಲ ಅಂತ ವಾಪಸ್ ಕಳಿಸುವಂತಿಲ್ಲ, ಚಿಕಿತ್ಸೆ ಉಚಿತ. ಬಟ್ಟೆ ಒಗೆಯಬೇಡಿ. ಪ್ಲಾಸ್ಟಿಕ್ ಕವರಿಗೆ ತುರುಕಿದರೆ ತೇವಕ್ಕೆ ಬೂಷ್ಟು ಹಿಡಿದು ಕಲೆ ಹಾಳಾಗುತ್ತೆ. ನೆರಳಲ್ಲಿ ಆರಿಸಿ, ಒಂದೊಂದನ್ನು ಬೇರೆ ಬೇರೆ ಪೇಪರ್ ಕವರಿಗೆ ಹಾಕಿ. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಅವನು ಏನಂದ, ಅವಳು ಏನಂದಳು, ಬಾಗಿಲು ಹಾಕಿತ್ತಾ, ಆಮೇಲೆ ಮೊದಲು ಯಾರಿಗೆ ಫೋನ್ ಮಾಡಿದಳು, ಇವೆಲ್ಲ ಬರಲಿ. ತಡವಾಗಿದ್ದರೆ ಕಾರಣವೂ ಇರಲಿ, ಊರಿನವರ ಮಾತಿಗೆ ಹೆದರಿದ್ದರೂ ಹಾಗೇ ಬರೆಸಿ.

ದೂರಿನಲ್ಲಿ ಆಗಲೇ ಯಾರಾದರೂ ಮಸಾಲೆ ಸೇರಿಸಿದ್ದರೆ, ಮ್ಯಾಜಿಸ್ಟ್ರೇಟರ ಮುಂದೆ ಹೋಗುವ ಮೊದಲೇ ತನಿಖಾಧಿಕಾರಿಗೆ ಮರುಹೇಳಿಕೆ ಕೊಟ್ಟು, ಆ ಸಾಲು ಯಾರು ಬರೆದದ್ದು ಅಂತ ಸೇರಿಸಿ ಹೇಳಲಿ. ಈಗ ತಿದ್ದಿದರೆ ವಿವರಣೆ, ಕಟಕಟೆಯಲ್ಲಿ ತಿದ್ದಿದರೆ ವೈರುಧ್ಯ. ಇನ್ನೂ ದೂರು ಕೊಟ್ಟಿಲ್ಲ ಅಂದರೆ, ಸಹಿಗೆ ಮೊದಲು ಅವಳಿಗೇ ಓದಲು ಕೊಡಿ. ತನ್ನದಲ್ಲ ಅನ್ನಿಸಿದ ಪದವನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಣ್ಣ ಸಹಿ ಹಾಕಲಿ.